ಚೌಕಿಯಿಂದ ಶಾಲೆಗೆ: ಗುಣವಂತೆಯ ಕಲಾಕೇಂದ್ರ



ಆಲಮೇಲ, ಸಿಂದಗಿ, ಇಂಡಿಯ ಕಡೆಯವರಾದ ನಿಮಗೆ ದೊಡ್ಡಾಟದ ತಾಲೀಮು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಊರಿಗೊಬ್ಬ ಮಾಸ್ತರರನ್ನು ಕರೆಸುವುದು, ಹೊಲದಲ್ಲಿ ದುಡಿದ ಹುಡುಗರು ರಾತ್ರಿ ಗೆಜ್ಜೆ ಕಟ್ಟಿ ಹೆಜ್ಜೆ ಕಲಿಯುವುದು, ಇವೆಲ್ಲ ಹಿರಿಯರಿಗೆ ನೆನಪಿರುವ ಸಂಗತಿ. ಮಾಸ್ತರರು ಬಾರದಿದ್ದರೆ ಆಟವೂ ಇಲ್ಲ. ಇಂಥದೇ ಕಷ್ಟ ಕರಾವಳಿಯ ಯಕ್ಷಗಾನಕ್ಕೂ ಬಂದಿತ್ತು. ಅಲ್ಲಿನವರು ಅದಕ್ಕೆ ಕಂಡುಕೊಂಡ ಒಂದು ದಾರಿಯನ್ನು ಇಲ್ಲಿ ನೋಡೋಣ.

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ ಗುಣವಂತೆ ಎಂಬ ಊರಿದೆ. ಅಲ್ಲಿನ ಕೆರೆಮನೆಯ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಆ ಕಾಲದಲ್ಲಿ ಯಕ್ಷಗಾನಕ್ಕೆ ಬೇರೆ ಶಾಲೆ ಇರಲಿಲ್ಲ, ಮೇಳವೇ ಶಾಲೆ. ಹುಡುಗನೊಬ್ಬ ಮೇಳ ಸೇರಿದರೆ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಅನಂತರ ಸ್ತ್ರೀವೇಷ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಬಣ್ಣ ಹಚ್ಚುವುದನ್ನು ಚೌಕಿಯಲ್ಲಿ ಕುಳಿತು ನೋಡಿ ಕಲಿಯಬೇಕು. ಮಾತುಗಾರಿಕೆಯನ್ನು ಹಿರಿಯರ ಅರ್ಥ ಕೇಳಿ ಕಲಿಯಬೇಕು. ಪಾಠವೆಂದು ಹೇಳಿಕೊಡುವವರು ಕಡಿಮೆ. ನಿದ್ದೆಗೆಟ್ಟು ನೋಡುವುದೇ ಪಾಠ.

ಈ ಪದ್ಧತಿಯಲ್ಲಿ ಗಟ್ಟಿತನವಿತ್ತು. ಆದರೆ ಒಂದು ತೊಡಕೂ ಇತ್ತು. ಹುಡುಗರು ಓದಿಗೆ, ಉದ್ಯೋಗಕ್ಕೆ ಊರು ಬಿಡತೊಡಗಿದಾಗ, ಡೇರೆ ಮೇಳಗಳಲ್ಲಿ ಟಿಕೆಟ್ಟಿನ ಲೆಕ್ಕ ಮುಂದಾದಾಗ, ನಿಧಾನವಾಗಿ ಏರುವ ಆ ಮೆಟ್ಟಿಲುಗಳು ಸವೆದವು. ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳನ್ನು ಮೊಟಕು ಮಾಡಿದರೆ ಪ್ರೇಕ್ಷಕರಿಗೆ ಸಮಯ ಉಳಿದೀತು. ಕಲಿಯುವವನಿಗೆ ಮಾತ್ರ ಶಾಲೆಯೇ ತಪ್ಪಿಹೋಗುತ್ತದೆ.

ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು ಈ ತೊಡಕನ್ನು ಒಳಗಿನಿಂದ ಬಲ್ಲವರು. ಮನೆಯಲ್ಲೇ ವೇಷ ಕಲಿತ ಅವರು ದೆಹಲಿಗೆ ಹೋಗಿ, ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆಯನ್ನು ಅಭ್ಯಾಸ ಮಾಡಿದರು. ಮಾಯಾ ರಾವ್ ಬೆಂಗಳೂರಿನವರು. ರಷ್ಯಾದಲ್ಲಿ ಈ ವಿಷಯವನ್ನು ಕಲಿತು ಬಂದು 1964ರಲ್ಲಿ ದೆಹಲಿಯಲ್ಲಿ ಸಂಸ್ಥೆ ಆರಂಭಿಸಿದವರು. ಅಂಥವರ ಬಳಿ ಕಲಿತ ಯುವಕ ನಗರದಲ್ಲೇ ನೆಲೆಸಬಹುದಿತ್ತು. ಶಂಭು ಹೆಗಡೆಯವರು ಗುಣವಂತೆಗೆ ಮರಳಿದರು, ಮಂಡಳಿಯನ್ನು ಮುನ್ನಡೆಸಿದರು, 1986ರಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ತೆರೆದರು.

ಅದಕ್ಕೆ ಮೊದಲೇ, 1971ರಲ್ಲಿ, ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತ್ತು. ಅದಕ್ಕೆ ಕಾಲೇಜಿನ ಆಸರೆಯಿತ್ತು, ಶಿವರಾಮ ಕಾರಂತರ ಹಂಬಲವಿತ್ತು. ಗುಣವಂತೆಯದು ಕಲಾವಿದನೊಬ್ಬ ತನ್ನ ಮನೆಯ ಮಗ್ಗುಲಲ್ಲಿ ಕಟ್ಟಿದ ಗುರುಕುಲ. ಇಲ್ಲಿ ಕುಣಿತದ ಜೊತೆಗೆ ಭಾಗವತಿಕೆ, ಮದ್ದಳೆ, ಚೆಂಡೆಗಳಿಗೂ ಸ್ಥಾನ. ಏಕೆಂದರೆ ತಾಳ ತಿಳಿಯದ ಕಾಲು ಎಷ್ಟು ಚುರುಕಾಗಿದ್ದರೂ ಅದು ಬರಿಯ ಹಾರಾಟ. ಮೇಳದಲ್ಲಿ ಕಣ್ಣಿನಿಂದ ಕದ್ದು ಕಲಿಯುತ್ತಿದ್ದುದನ್ನು ಇಲ್ಲಿ ಬಿಡಿಸಿ, ಎಣಿಸಿ, ತಿದ್ದಿ ಹೇಳಿಕೊಡುವುದಾಯಿತು. ನಡೆದು ಬಂದದ್ದನ್ನು ಬಿಡದೆಯೇ ಕಲಿಸುವ ಕ್ರಮವನ್ನು ಬದಲಿಸಿದ್ದು ಶಂಭು ಹೆಗಡೆಯವರ ಹೆಚ್ಚುಗಾರಿಕೆ.

ಶಿವರಾಮ ಹೆಗಡೆಯವರು 1992ರಲ್ಲಿ ತೀರಿಕೊಂಡರು. ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿದ್ದ ರಾತ್ರಿಯೇ ಅಸ್ವಸ್ಥರಾಗಿ ನಿಧನರಾದರು. ಹಳೆಯ ಕಾಲದಲ್ಲಾಗಿದ್ದರೆ ಕಲಾವಿದನೊಡನೆ ಅವನ ವಿದ್ಯೆಯೂ ಹೋಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಮಗ ಶಿವಾನಂದ ಹೆಗಡೆಯವರು ಹೊಣೆ ಹೊತ್ತರು; 2024ರಲ್ಲಿ ಮಂಡಳಿಗೆ ಯುನೆಸ್ಕೋದ ಮಾನ್ಯತೆಯೂ ದೊರೆಯಿತು.

ಮಿತ್ರರೇ, ಮಾನ್ಯತೆ ದೂರದಿಂದ ಬರುತ್ತದೆ. ಕಲಿಕೆ ಊರಲ್ಲೇ ನಡೆಯಬೇಕು. ನಿಮ್ಮೂರಲ್ಲಿ ದೊಡ್ಡಾಟದ ಹೆಜ್ಜೆ ಬಲ್ಲ ಹಿರಿಯರೊಬ್ಬರು ಇದ್ದರೆ, ಅವರನ್ನು ಸನ್ಮಾನಕ್ಕೆ ಕರೆಯುವ ಮೊದಲು ನಾಲ್ಕು ಮಕ್ಕಳನ್ನು ಅವರ ಬಳಿ ಕಳುಹಿಸಿ. ಶಾಲು ಹೊದಿಸುವುದಕ್ಕಿಂತ ಅದು ಅವರಿಗೆ ಹೆಚ್ಚು ಸಂತೋಷ ಕೊಟ್ಟೀತು.