ಹೊಗೆಸೊಪ್ಪಿನ ಸೀಮೆಯೂ ಮೂತ್ರಕೋಶವೂ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮತ್ತು ನಾಲೆಯ ನೀರು ಕಾಣದ ಕೃಷ್ಣರಾಜನಗರದ ಹೊಲಗಳ ಕೆಂಪು ಮರಳುಮಣ್ಣಿನಲ್ಲಿ ವರ್ಜೀನಿಯಾ ಹೊಗೆಸೊಪ್ಪು ನೆಲೆಗೊಂಡ ಬಗೆಯನ್ನು ಕುರಿತು ಬರೆದವರೆಲ್ಲರೂ ದರವನ್ನೂ ತೂಕವನ್ನೂ ಎಲೆ ಹದಮಾಡುವ ಬ್ಯಾರನ್ನುಗಳನ್ನೂ ಲೆಕ್ಕ ಹಾಕಿದ್ದಾರೆ. ಆ ಸೊಪ್ಪಿನ ಹೊಗೆಯು ಸೇದಿದವನ ದೇಹದಲ್ಲಿ ಕಟ್ಟಕಡೆಗೆ ಹೋಗಿ ತಂಗುವ ಸ್ಥಾನಗಳಲ್ಲಿ ಒಂದಾದ ಮೂತ್ರಕೋಶವನ್ನು ನೆನೆದವರು ಮಾತ್ರ ವಿರಳ.

ಹೊಗೆಸೊಪ್ಪು ನಮ್ಮ ನೆಲದ ಸಸ್ಯವಲ್ಲ. ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದ ಈ ಪದಾರ್ಥವನ್ನು 17ನೆಯ ಶತಮಾನದ ಆದಿಯಲ್ಲಿ ಅಕ್ಬರನ ದೂತನಾದ ಅಸದ್ ಬೇಗನು ಬಿಜಾಪುರದಲ್ಲಿ ಕಂಡು, ರತ್ನಖಚಿತವಾದ ಕೊಳವೆಯೊಡನೆ ಆಗ್ರಾಕ್ಕೆ ಒಯ್ದು ಚಕ್ರವರ್ತಿಯ ಮುಂದಿರಿಸಿದನು. ವೈದ್ಯಗ್ರಂಥಗಳಲ್ಲಿ ಉಲ್ಲೇಖವೇ ಇಲ್ಲದ ವಸ್ತುವೆಂದು ಆಸ್ಥಾನದ ವೈದ್ಯನು ತಡೆದರೂ ಅಕ್ಬರನು ಕೊಂಚ ಸೇದಿಯೇ ನೋಡಿದನು. ವೈದ್ಯನ ಶಂಕೆ ಯಥಾರ್ಥವಾಗಿದ್ದಿತು. ಆದರೆ ಮೂತ್ರಕೋಶದ ಮಟ್ಟಿಗೆ ಅದಕ್ಕೆ ಪ್ರಮಾಣ ದೊರೆಯಲು ಮೂರೂವರೆ ಶತಮಾನ ಹಿಡಿಯಿತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಬೆಳೆ ದೊಡ್ಡದಾದದ್ದು ಸಿಗರೇಟು ಉದ್ಯಮದ ಬೆನ್ನುಹತ್ತಿ. 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ದೇಶದಲ್ಲಿ ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ ನೆಲೆಗೊಂಡಿತು. 1976ರಲ್ಲಿ ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂದಿತು. 1984ರಲ್ಲಿ, ಆಂಧ್ರಕ್ಕಿಂತ ಒಂದು ವರ್ಷ ಮುಂಚೆಯೇ, ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾಗಲು, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಂತಹ ಹಳ್ಳಿಗಳ ಹೆಸರು ವಿದೇಶದ ವ್ಯಾಪಾರಿಗಳ ಕಿವಿಗೂ ಬಿದ್ದಿತು. ಎಲೆ ಬಿಡಿಸುವ ಕಾಲದಲ್ಲಿ ಬ್ಯಾರನ್ನಿನ ಮುಂದೆ ಕುಳಿತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವ ಹೆಂಗಸರ ಬೆರಳುಗಳು ಅಂಟಿನಿಂದ ಕಪ್ಪಾಗಿ, ಸೋಪು ಹಚ್ಚಿ ತಿಕ್ಕಿದರೂ ಬಿಳುಪಾಗುವುದಿಲ್ಲ. ಒಳಗೆ ಐದಾರು ದಿನ ಬೆಂಕಿ ಆರದಂತೆ ಕಾದು, ಮೊದಲು ಮಂದವಾದ ಕಾವಿನಲ್ಲಿ ಎಲೆಯನ್ನು ಹಳದಿಗೆ ತಿರುಗಿಸಿ, ಬಳಿಕ ಶಾಖವನ್ನು ಕ್ರಮಕ್ರಮವಾಗಿ 160 ಡಿಗ್ರಿ ಫ್ಯಾರನ್‌ಹೀಟಿನವರೆಗೆ ಏರಿಸಿ ನಡುದಂಟನ್ನು ಒಣಗಿಸಬೇಕು. ಒಂದು ಕಿಲೋ ಎಲೆ ಹದವಾಗಲು ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ನಾಗರಹೊಳೆಯ ಕಾಡಿನ ಅಂಚಿನಲ್ಲಿ ಇದು ಸಣ್ಣ ಮಾತಲ್ಲ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಹೊಕ್ಕು ಕೆಲಸದವರಿಗೆ ತಲೆಸುತ್ತು, ವಾಂತಿ ತರುವುದುಂಟು. ಆದರೆ ಮೂತ್ರಕೋಶದ ಕೇಡು ಪ್ರಧಾನವಾಗಿ ಬೆಳೆಯುವವನದಲ್ಲ, ಸೇದುವವನದು. ಇಲ್ಲಿಯ ಎಲೆಯ ದೊಡ್ಡ ಪಾಲು ಪರದೇಶಕ್ಕೆ ಹೋಗುವುದಾದ್ದರಿಂದ ಆ ಕೇಡಿನ ಪಾಲೂ ಅತ್ತಲೇ ಹೋಗುತ್ತದೆಂಬುದು ಸಮಾಧಾನದ ಮಾತೇನೂ ಅಲ್ಲ.

ಪ್ರಾಚೀನರು ಬಸ್ತಿಯನ್ನು, ಅಂದರೆ ಮೂತ್ರಕೋಶವನ್ನು, ಅರಿಯದವರಲ್ಲ. ಸುಶ್ರುತನು ಅದನ್ನು ಸೋರೆಬುರುಡೆಯ ಆಕಾರದ್ದೆಂದು ವರ್ಣಿಸಿ, ಕಂಠದವರೆಗೆ ನೀರಿನಲ್ಲಿ ಮುಳುಗಿಸಿದ ಹೊಸ ಮಡಕೆ ಪಕ್ಕಗಳಿಂದ ಒಸರಿದ ನೀರಿನಿಂದಲೇ ತುಂಬುವಂತೆ ಅದು ತುಂಬುವುದೆಂದು ಹೇಳಿದನು. ಅಶ್ಮರಿಯನ್ನು, ಅಂದರೆ ಮೂತ್ರಕೋಶದ ಕಲ್ಲನ್ನು, ಶಸ್ತ್ರದಿಂದ ತೆಗೆಯುವ ಕ್ರಮವನ್ನೂ ವಿವರಿಸಿದನು. ಚರಕಸಂಹಿತೆಯಾದರೋ ಮೂತ್ರವೇಗವನ್ನು ತಡೆಯಬಾರದೆಂದು ವಿಧಿಸಿತು. ಇಂದಿನ ವೈದ್ಯರ ಉಪದೇಶವೂ ಅದಕ್ಕೆ ವಿರುದ್ಧವಾದುದಲ್ಲ: ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯುವುದು, ಬಂದುದನ್ನು ಗಂಟೆಗಟ್ಟಲೆ ತಡೆಯದಿರುವುದು. ಆದರೆ ಹೊಗೆಯ ಸಂಗತಿ ಪ್ರಾಚೀನರಿಗೆ ತಿಳಿಯುವ ಅವಕಾಶವೇ ಇರಲಿಲ್ಲ.

1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೆಲಸಗಾರರ ಮೂತ್ರಕೋಶಗಳಲ್ಲಿ ಗಡ್ಡೆಗಳನ್ನು ಕಂಡನು. ಅಂತಹ ಗಡ್ಡೆಗೆ ಕಾರಣವೆಂದು ಮುಂದೆ ಸಿದ್ಧಪಟ್ಟ ಆರೊಮ್ಯಾಟಿಕ್ ಅಮೈನುಗಳೆಂಬ ರಾಸಾಯನಿಕಗಳು ತಂಬಾಕಿನ ಹೊಗೆಯಲ್ಲಿಯೂ ಇವೆ. 1956ರಲ್ಲಿ ಅಮೆರಿಕಾದ ಸಂಶೋಧಕರು ಧೂಮಪಾನಕ್ಕೂ ಮೂತ್ರಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಶ್ವಾಸಕೋಶದಿಂದ ರಕ್ತಕ್ಕಿಳಿದ ವಿಷವನ್ನು ಮೂತ್ರಪಿಂಡಗಳು ಸೋಸಿ ಹೊರಹಾಕುವುವಷ್ಟೆ. ಹೊರಹೋಗುವ ಮುನ್ನ ಅದು ಕೋಶದ ಒಳಗೋಡೆಗೆ ತಾಗಿಕೊಂಡು ಗಂಟೆಗಟ್ಟಲೆ ನಿಲ್ಲುತ್ತದೆ. ಸೇದದವರಿಗಿಂತ ಸೇದುವವರಲ್ಲಿ ಈ ರೋಗ ಕಡೆಯಪಕ್ಷ ಮೂರು ಪಟ್ಟು ಅಧಿಕ. ಬೀಡಿಯಾದರೇನು, ಸಿಗರೇಟಾದರೇನು, ಹೊಗೆ ಹೊಗೆಯೇ.

ನಮ್ಮ ಹಳ್ಳಿಗಳಲ್ಲಿ ಉರಿಮೂತ್ರವಾಯಿತೆಂದರೆ ಮೈ ಉಷ್ಣವಾಯಿತೆಂದು ಎಳನೀರನ್ನೋ ಬಾರ್ಲಿ ಗಂಜಿಯನ್ನೋ ಕೊಡುವರು. ಕಲ್ಲಿನ ಅನುಮಾನವಿದ್ದರೆ ಬಾಳೆದಿಂಡಿನ ರಸ, ಹುರುಳಿಯ ಕಟ್ಟು. ನೀರಿನಂಶ ಒಳಸೇರುವುದರಿಂದ ಇವು ಹಿತವೇ. ಅಪಾಯವಿರುವುದು ಬೇರೆಡೆ. ಮೂತ್ರಕೋಶದ ಗಡ್ಡೆ ಮೊದಲು ತೋರುವುದು ಬಹುತೇಕ ನೋವಿಲ್ಲದ ರಕ್ತಸ್ರಾವವಾಗಿ. ಆ ರಕ್ತವೂ ಒಂದೆರಡು ದಿನ ಕಂಡು ತಾನಾಗಿಯೇ ನಿಂತು, ತಿಂಗಳುಗಟ್ಟಲೆ ಮರಳದಿರಬಹುದು. ಎಳನೀರಿನಿಂದ ಗುಣವಾಯಿತೆಂದು ಮನೆಯವರು ನಂಬುವುದು ಆಗಲೇ. ಆದಕಾರಣ ಮೂತ್ರದಲ್ಲಿ ಒಮ್ಮೆ ಕೆಂಪು ಕಂಡರೂ, ನೋವಿಲ್ಲದಿದ್ದರೂ, ಮರುದಿನವೇ ನಿಂತರೂ, ವಿಶೇಷವಾಗಿ ಬೀಡಿ ಸಿಗರೇಟು ಸೇದುವ ನಡುವಯಸ್ಸಿನವರು ತಡಮಾಡದೆ ವೈದ್ಯರಲ್ಲಿ ಹೋಗಿ ಮೂತ್ರಪರೀಕ್ಷೆಯನ್ನೂ ಸ್ಕ್ಯಾನನ್ನೂ ಮಾಡಿಸಿಕೊಳ್ಳಬೇಕು; ಸೇದುವುದನ್ನು ಅಂದಿನಿಂದಲೇ ಬಿಡಬೇಕು.