ಪೊಲ್ಲಿಲೂರಿನ ಯುದ್ಧ ಮತ್ತು ಲಾರ್ಡ್ ಮೆಕ್ಲೌಡ್

ಶೈಕ್ಷಣಿಕ ಪ್ರವಾಸಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ವರ್ಣಚಿತ್ರ ನೋಡಿರುತ್ತಾರೆ. 1780ರ ಸೆಪ್ಟೆಂಬರ್ 10ರಂದು ಹೈದರಾಲಿ ಮತ್ತು ಟಿಪ್ಪು ಕಾಂಚೀಪುರದ ಬಳಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದ ಯುದ್ಧವದು. ಸೋತವರಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಾಡಿನಿಂದ ಬಂದ 73ನೇ ರೆಜಿಮೆಂಟಿನ ಸೈನಿಕರೂ ಇದ್ದರು. ಆ ರೆಜಿಮೆಂಟನ್ನು ಕಟ್ಟಿದವನು ಜಾನ್ ಮೆಕೆಂಜಿ, ಅಂದರೆ ಲಾರ್ಡ್ ಮೆಕ್ಲೌಡ್.

ಇವನು 1727ರಲ್ಲಿ ಕ್ರೊಮಾರ್ಟಿಯ ಅರ್ಲ್ ಮನೆತನದಲ್ಲಿ ಹುಟ್ಟಿದ. 1745ರಲ್ಲಿ, ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ವಂಶದ ಪರವಾಗಿ ಸ್ಕಾಟ್ಲೆಂಡಿನಲ್ಲಿ ದಂಗೆ ಎದ್ದಾಗ ತಂದೆ ಮಗ ಇಬ್ಬರೂ ಅದರಲ್ಲಿ ಸೇರಿದರು. ಮರುವರ್ಷ ಏಪ್ರಿಲ್ 15ರಂದು, ದಂಗೆಕೋರರು ಕಲ್ಲೊಡೆನ್‌ನಲ್ಲಿ ಪೂರ್ತಿ ಸೋಲುವ ಹಿಂದಿನ ದಿನ, ಇಬ್ಬರೂ ಸೆರೆಸಿಕ್ಕರು. ತಂದೆಗೆ ಮರಣದಂಡನೆಯಾಯಿತು. ಗರ್ಭಿಣಿಯಾಗಿದ್ದ ತಾಯಿ ದೊರೆ ಎರಡನೇ ಜಾರ್ಜನ ಮುಂದೆ ಮಂಡಿಯೂರಿ ಬೇಡಿಕೊಂಡಳು. ಗಂಡನ ಜೀವ ಉಳಿಯಿತು. ತಪ್ಪೊಪ್ಪಿಕೊಂಡ ಮಗನಿಗೆ 1748ರಲ್ಲಿ ಕ್ಷಮಾದಾನ ದೊರೆಯಿತು. ಆದರೆ ಪದವಿ, ಜಮೀನು ಎಲ್ಲವೂ ಸರ್ಕಾರದ ಪಾಲಾದವು.

ನೆಲೆಯಿಲ್ಲದ ತರುಣ ಸ್ವೀಡನ್ನಿಗೆ ಹೋಗಿ ಅಲ್ಲಿನ ಸೈನ್ಯ ಸೇರಿದ. ಸುಮಾರು ಮೂರು ದಶಕ ಕಾಲ ಪರದೇಶದಲ್ಲೇ ದುಡಿದು ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದ. 1777ರಲ್ಲಿ ತಾಯ್ನಾಡಿಗೆ ಮರಳಿದಾಗ ಬ್ರಿಟನ್ನಿಗೆ ಅಮೆರಿಕದ ಯುದ್ಧಕ್ಕಾಗಿ ಸೈನಿಕರು ಬೇಕಾಗಿದ್ದರು. ಹಿಂದೆ ಯಾವ ರಾಜಮನೆತನದ ವಿರುದ್ಧ ಕತ್ತಿ ಹಿಡಿದಿದ್ದನೋ ಅದೇ ಮನೆತನಕ್ಕಾಗಿ ಅವನು ರೆಜಿಮೆಂಟ್ ಕಟ್ಟಿಕೊಟ್ಟ. ಕೈಯಲ್ಲಿ ಜಮೀನಿಲ್ಲದಿದ್ದರೂ ಹಳೆಯ ಮನೆತನದ ಹೆಸರಿಗೇ ಜನ ಕೂಡಿದರು.

ಆ ಪಡೆ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿಯಿತು. ಅದೇ ಬೇಸಿಗೆ ಕಳೆದೊಡನೆ ಹೈದರಾಲಿ ಘಟ್ಟ ಇಳಿದ. ಕಾಂಚೀಪುರದಲ್ಲಿ ಸೈನ್ಯ ಕೂಡಿಸುವುದು ಅಪಾಯವೆಂದು ಮೆಕ್ಲೌಡ್ ಆಕ್ಷೇಪಿಸಿದ. ಅವನ ಮಾತು ನಡೆಯಲಿಲ್ಲ. ಹೆಕ್ಟರ್ ಮನ್ರೊ ತಾನೇ ನಾಯಕತ್ವ ವಹಿಸಿಕೊಂಡ. ಬೇಲಿಯ ನೆರವಿಗೆಂದು ಕಳುಹಿಸಿದ ತುಕಡಿಯಲ್ಲಿದ್ದ 73ನೇ ರೆಜಿಮೆಂಟಿನವರು ಪೊಲ್ಲಿಲೂರಿನಲ್ಲಿ ಸತ್ತರು, ಇಲ್ಲವೇ ಸೆರೆಯಾದರು. ಹಾಗೆ ಸೆರೆಯಾದ ಕ್ಯಾಪ್ಟನ್ ಡೇವಿಡ್ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿದ್ದ. 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಸೈನ್ಯಕ್ಕೆ ಅವನೇ ಮುಂದಾಳಾಗಿದ್ದ.

ಬೇರ್ಡ್ ಬಿಡುಗಡೆಯಾದ ವರ್ಷವೇ ಮೆಕ್ಲೌಡನಿಗೆ ಮನೆತನದ ಜಮೀನು ಮರಳಿತು. ಅದಕ್ಕೂ ಸುಮಾರು 19,000 ಪೌಂಡ್ ತೆರಬೇಕಾಯಿತು. ಐದು ವರ್ಷ ಅನುಭವಿಸಿ, 1789ರಲ್ಲಿ ತೀರಿಕೊಂಡ.

ಒಡೆಯನಿಗೆ ಭೂಮಿ ಸಿಕ್ಕಿತು. ಅವನ ಹೆಸರು ನಂಬಿ ಹಡಗು ಹತ್ತಿದ ಎಷ್ಟೋ ಬಡವರ ಮಕ್ಕಳು ಊರಿಗೆ ಮರಳಲಿಲ್ಲ. ಹೈದರನ ಗೆಲುವು ನಮಗೆ ಹೆಮ್ಮೆಯದು, ನಿಜ. ಆದರೂ ಆ ಗೋಡೆಯ ಮೇಲಿನ ಕೆಂಪು ಅಂಗಿಯವರಿಗೂ ಒಂದೊಂದು ಊರಿತ್ತು, ಕಾಯುತ್ತಿದ್ದ ತಾಯಿಯಿದ್ದಳು ಎಂಬುದನ್ನು ನಮ್ಮ ಮಕ್ಕಳು ತಿಳಿದರೆ ಇತಿಹಾಸ ಓದಿದ್ದು ಸಾರ್ಥಕ.