ಅಶೋಕನ ಕಂಬದಲ್ಲಿ ಆಲದ ಮರ

ಜಯನಗರದ ಅಶೋಕ ಪಿಲ್ಲರ್ ಅಂದ್ರೆ ನಮಗೆಲ್ಲ ಒಂದು ಸರ್ಕಲ್, ಒಂದು ಬಸ್ ಸ್ಟಾಪ್. ಸ್ವಾತಂತ್ರ್ಯ ಬಂದ ಮೇಲೆ ನಿಲ್ಲಿಸಿದ ಕಂಬ ಅದು. ಅಶೋಕನೇ ನಿಲ್ಲಿಸಿದ ಕಂಬಗಳಲ್ಲೊಂದು ಈಗ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿದೆ. 14ನೇ ಶತಮಾನದಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕ್ ಅದನ್ನು ಟೋಪ್ರಾದಿಂದ ತರಿಸಿದ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದರ ಬ್ರಾಹ್ಮೀ ಲಿಪಿಯನ್ನು ಓದಿದ.

ಆ ಕಂಬದ ಏಳನೇ ಶಾಸನದಲ್ಲಿ ಅಶೋಕ ತಾನು ಮಾಡಿಸಿದ ಕೆಲಸಗಳನ್ನು ಹೇಳುತ್ತಾನೆ: ದಾರಿಯಲ್ಲಿ ಆಲದ ಮರ ನೆಡಿಸಿದ್ದು, ಮಾವಿನ ತೋಪು ಹಾಕಿಸಿದ್ದು, ಬಾವಿ ತೋಡಿಸಿದ್ದು, ಅರವಟ್ಟಿಗೆ ಇಡಿಸಿದ್ದು. ಆಲ ನೆಟ್ಟದ್ದು ನೆರಳಿಗೆ. ಯಾರಿಗೆ? 'ಪಸುಮುನಿಸಾನಂ' ಅನ್ನುತ್ತೆ ಶಾಸನ. ಮೊದಲು ಪಶು, ಆಮೇಲೆ ಮನುಷ್ಯ!

ಆಲಕ್ಕೆ ಅಲ್ಲಿರುವ ಪ್ರಾಕೃತ ಪದ 'ನಿಗೋಹ', ಅಂದರೆ ಸಂಸ್ಕೃತದ ನ್ಯಗ್ರೋಧ, ಕೆಳಮುಖವಾಗಿ ಬೆಳೆಯುವಂಥದ್ದು. ಬಿಳಲು ನೋಡಿ ಇಟ್ಟ ಹೆಸರು. ಮರದ ಬಾಳೂ ಅದರಲ್ಲೇ ಇದೆ. ಬಿಳಲು ನೆಲ ಮುಟ್ಟಿ ಬೇರು ಬಿಟ್ಟರೆ ಅದೇ ಇನ್ನೊಂದು ಕಾಂಡ. ರಾಮೋಹಳ್ಳಿ ಹತ್ತಿರದ ದೊಡ್ಡಾಲದ ಮರದ ತಾಯಿಕಾಂಡ ರೋಗದಿಂದ ಸತ್ತರೂ, ಸುಮಾರು 3 ಎಕರೆ ಹರಡಿದ ಮರ ಬದುಕಿರೋದು ಬಿಳಲುಗಳ ಬಲದಿಂದಲೇ.

ಆಲ ನೆಡೋದು ಕಷ್ಟವಲ್ಲ. ದಪ್ಪ ಕೊಂಬೆ ಕಡಿದು ಮಳೆಗಾಲದಲ್ಲಿ ನೆಟ್ಟರೂ ಚಿಗುರುತ್ತೆ. ಕಷ್ಟ ಇರೋದು ಆಮೇಲೆ. ಬಡಾವಣೆಗಳಲ್ಲಿ ಬುಡದವರೆಗೆ ಕಾಂಕ್ರೀಟ್ ಸುರಿದು, ಓಡಾಟಕ್ಕೆ ಅಡ್ಡ ಅಂತ ಬಿಳಲು ಕತ್ತರಿಸ್ತೀವಿ. ಊರುಗೋಲಿಲ್ಲದ ಮರ ಗಾಳಿಮಳೆಗೆ ಉರುಳಿದರೆ, ಮರ ಅಪಾಯಕಾರಿ ಅಂತೀವಿ. ಶಾಸನದ ಆ ಒಂದು ಪದ ಓದಿಕೊಂಡಿದ್ದರೂ ಸಾಕಿತ್ತು: ಕೆಳಕ್ಕೆ ಇಳಿಯೋದೇ ಈ ಮರದ ಸ್ವಭಾವ, ಅದಕ್ಕೆ ಮಣ್ಣು ಬಿಡಬೇಕು.